ಸೊಸೆ ಓಡೋ ದಾರಿ, ಅತ್ತೆ ನಡೆದ ದಾರಿ

ಹೋದ ಸಲ ಕಳಲೆ ಉಪ್ಪಿನಕಾಯಿ ಬರೆದಾಗ ಸುಮಾರು ಜನ ಫೋನ್ ಮಾಡಿ, ಎಷ್ಟು ದಿನ ನೀರಲ್ಲಿ ಹಾಕಿಡಬೇಕು ಅಂತ ಕೇಳಿದ್ರಿ. ಮೂರು ದಿನ, ದಿನಾ ನೀರು ಬದಲಾಯಿಸಿ. ಅದು ಅಲ್ಲಿಗೆ ಮುಗೀತು. ಈ ಸಲ ಅಡಿಗೆ ಮನೆ ಸುದ್ದಿ ಇಲ್ಲ. ನಿಮ್ಮ ಹತ್ರ ಒಂದು ಸುಳ್ಳು ಹೇಳಿದ್ದೆ, ಅದನ್ನ ಒಪ್ಕೊಳ್ಳೋದಿದೆ. ಅದರ ಜೊತೆ ನಮ್ಮ ಗಿರಿ ದಾರಿಗಳ ಕತೆನೂ ಹೇಳೋದಿದೆ.

ಒಂದಿನ ಬೆಳಿಗ್ಗೆ ಡೈರಿಗೆ ಹಾಲು ಹಾಕಕ್ಕೆ ಹೋಗಿದ್ದೆ. ನಿಮ್ಮಲ್ಲೇ ಒಬ್ಬರು, ಯಾರು ಅಂತ ಬರೆಯಲ್ಲ, ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಅಕ್ಕಾ, ಮನೇಲಿ ಏನಾರ ಆಯ್ತಾ? ನಿಮ್ ಸೊಸೆ ಆರು ಗಂಟೆಗೇ ಗಿರಿ ಕಡೆ ಓಡ್ತಿದ್ಲಂತೆ, ನಮ್ಮನೆಯೋರು ನೋಡಿದ್ರಂತೆ" ಅಂದ್ರು. ನಂಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಹೆಂಗಸು ಓಡಿದ್ರೆ ಮನೆ ಬಿಟ್ಟೇ ಓಡಬೇಕು ಅನ್ನೋ ಲೆಕ್ಕ ನಮ್ಮೂರಲ್ಲಿ. ನಾನು ಥಟ್ ಅಂತ, "ಅವಳಿಗೆ ಥೈರಾಯ್ಡು ಕಣೇ, ಡಾಕ್ಟ್ರು ಓಡಕ್ಕೆ ಹೇಳವ್ರೆ" ಅಂದುಬಿಟ್ಟೆ. ಅವಳಿಗೆ ಥೈರಾಯ್ಡೂ ಇಲ್ಲ, ಎಂಥದೂ ಇಲ್ಲ. ಕಲ್ಲುಗುಂಡು ಇದ್ದಂಗೆ ಇದಾಳೆ. ಅವಳು ಓಡೋದು ಅವಳಿಗೆ ಓಡೋದು ಇಷ್ಟ ಅಂತ. ಅಷ್ಟನ್ನ ಹೇಳಕ್ಕೆ ನನ್ನ ಬಾಯಿ ಬರಲಿಲ್ಲ ಅವತ್ತು. ಅವಳ ಓಡೋ ಚಡ್ಡಿನೂ ಹಿತ್ತಲ ಕಡೆ ಹಗ್ಗಕ್ಕೆ, ನನ್ನ ಸೀರೆ ಮರೆಯಲ್ಲೇ ಒಣಗಾಕ್ತಿದ್ದೆ.

2020ರಲ್ಲಿ ಲಾಕ್‌ಡೌನ್ ಆದಾಗ ಮಗ ಸೊಸೆ ಇಬ್ಬರೂ ಬೆಂಗಳೂರಿಂದ ಬಂದೋರು, ಇಲ್ಲೇ ಲ್ಯಾಪ್‌ಟಾಪ್ ಇಟ್ಕೊಂಡು ಕೆಲಸ ಮಾಡ್ತಾ ಉಳಿದುಬಿಟ್ಟರು. ಮೊದಮೊದಲು ಅವಳು ಟಾರ್ ರಸ್ತೆಯಲ್ಲಿ ಓಡ್ತಿದ್ಲು. ಆಮೇಲೆ ತೋಟದ ದಾರಿ, ಆಮೇಲೆ ಗುಡ್ಡದ ದಾರಿ. ಇದಕ್ಕೆ ಟ್ರೇಲ್ ರನ್ನಿಂಗ್ ಅಂತಾರಂತೆ. ಅಂದ್ರೆ ಕಾಲುದಾರಿ ಓಟ. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟ, ಕಾಡಂಚಿನ ದಾರಿಗಳಲ್ಲಿ ಮಲ್ನಾಡ್ ಅಲ್ಟ್ರಾ ಅಂತ ಒಂದು ಓಟ ನಡೆಯುತ್ತೆ, 50 ಕಿಲೋಮೀಟರು, ಅದಕ್ಕೂ ಮೇಲೆ ಓಡ್ತಾರೆ. ಬೆಂಗಳೂರು ಚೆನ್ನೈಯಿಂದೆಲ್ಲ ಬರ್ತಾರೆ. ನಾವು ಬೇಗ ಬೇಗ ದಾಟಿ ಮನೆ ಸೇರಿದ್ರೆ ಸಾಕು ಅಂತಿದ್ದ ದಾರಿಗೆ ದುಡ್ಡು ಕಟ್ಟಿ ಓಡಕ್ಕೆ ಬರ್ತಾರೆ ಅಂದ್ರೆ ನಂಬ್ತೀರಾ.

ಅವಳು ದಿನಾ ಬಂದು "ಅತ್ತೆ, ಇವತ್ತು ಈ ದಾರಿ, ಇವತ್ತು ಆ ದಾರಿ" ಅಂತ ಹೇಳ್ತಿದ್ದಂಗೆ ನನಗೆ ಒಂದು ಯೋಚನೆ ಹತ್ತಿತು. ಈ ದಾರಿ ಯಾರು ಮಾಡಿದ್ದು? ದಾರಿ ತಾನಾಗೇ ಆಗಲ್ಲ. ಯಾರೋ ಎಲ್ಲಿಗೋ ಹೋಗಬೇಕಾಗಿರ್ತದೆ, ಅವರ ಹಿಂದೆ ಇನ್ನೊಬ್ಬರು, ಹಂಗೆ ಹುಲ್ಲು ಸವೆದು ದಾರಿ ಆಗ್ತದೆ. ಪಿಯುಸಿ ಆದಮೇಲೆ ಪುಸ್ತಕ ಹಿಡಿದಿದ್ದು ಕಡಿಮೆ ನಾನು. ಆದ್ರೂ ಲೈಬ್ರರಿಗೆ ಹೋಗಿ ಜಿಲ್ಲೆ ಗೆಜೆಟಿಯರ್ರು, ಅದು ಇದು ತಿರುವಿ ಹಾಕಿದೆ. ಮನೇಲಿ ಅತ್ತೆನ ಕೇಳಿದೆ. ಅವರಿಗೆ ಈಗ ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ನನಗಿಂತ ಚುರುಕು.

ದೂರದ ನೆಂಟರಿಗೋಸ್ಕರ ಮೊದಲು ಗಿರಿ ಹೆಂಗಿದೆ ಅಂತ ಹೇಳ್ತೀನಿ. ನಮ್ಮ ಬೆಟ್ಟದ ಸಾಲು ನೇರವಾಗಿಲ್ಲ. ಕುದುರೆ ಲಾಳದ ಥರ ಬಾಗಿದೆ. ಚಂದ್ರದ್ರೋಣ ಅಂತ ಹೆಸರು ಬಂದಿರೋದೂ ಅದಕ್ಕೇ, ಅರ್ಧ ಚಂದ್ರನ ಥರ ಅಂತ. ಲಾಳದ ಒಳಗಿರೋದು ಜಾಗರ ಕಣಿವೆ. ಹೊರಗಡೆ ಒಂದು ಮಗ್ಗುಲಲ್ಲಿ ಚಿಕ್ಕಮಗಳೂರು, ಮಲ್ಲೇನಹಳ್ಳಿ, ಬಿಂಡಿಗ, ನಮ್ಮೂರು. ಲಾಳದ ಮೇಲೆ ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ, ಆ ತುದಿಗೆ ಕೆಮ್ಮಣ್ಣುಗುಂಡಿ, ಕಲ್ಹತ್ತಿಗಿರಿ. ಮುಳ್ಳಯ್ಯನಗಿರಿ ಇಡೀ ಕರ್ನಾಟಕಕ್ಕೇ ಎತ್ತರದ್ದು, 1,930 ಮೀಟರು ಅಂತ ಈಗ ಬೋರ್ಡಲ್ಲಿ ಬರೀತಾರೆ. ಬಿ.ಎಲ್. ರೈಸ್ ಅನ್ನೋರು ಬ್ರಿಟಿಷರ ಕಾಲದಲ್ಲಿ ಬರೆದ ಮೈಸೂರು ಗೆಜೆಟಿಯರಲ್ಲಿ 6,317 ಅಡಿ ಅಂತಿದೆ. ಲೆಕ್ಕ ಹಾಕಿದ್ರೆ ಹೆಚ್ಚುಕಡಿಮೆ ಅಷ್ಟೇ. ಬೆಟ್ಟದ ಎತ್ತರ, ಮಳೆ, ಕಾಫಿ, ಕಂದಾಯ ಎಲ್ಲದಕ್ಕೂ ಅವರು ಲೆಕ್ಕ ಇಟ್ಟವ್ರೆ. ನಾನು ಓದಿದ ಪುಟಗಳಲ್ಲಿ ತಲೆ ಮೇಲೆ ಸೌದೆ ಹೊತ್ಕೊಂಡು ಇಳಿದ ಹೆಂಗಸರ ಲೆಕ್ಕ ಮಾತ್ರ ಸಿಗಲಿಲ್ಲ.

ಸೊಸೆಗೆ ತುಂಬ ಇಷ್ಟದ್ದು ಸರ್ಪದಾರಿ. ಕೈಮರದ ಚೆಕ್‌ಪೋಸ್ಟ್ ದಾಟಿ ಗಿರಿ ರಸ್ತೆಯಲ್ಲಿ ಸ್ವಲ್ಪ ದೂರ ಹೋದ್ರೆ ಸಿಗ್ತದೆ. (ಕೈಮರ ಅಂದ್ರೆ ದಾರಿ ತೋರಿಸೋ ಕಂಬ, ಕೈ ಚಾಚಿದ ಮರ. ಎಷ್ಟು ವರ್ಷ ಆ ಹೆಸರು ಹೇಳಿದ್ದೀನಿ, ಅರ್ಥ ಹೊಳೆದಿದ್ದು ಮೊನ್ನೆ.) ಹೆಸರಿಗೆ ತಕ್ಕಂಗೆ ಹಾವಿನ ಥರ ಸುತ್ತಿ ಸುತ್ತಿ ಮುಳ್ಳಯ್ಯನಗಿರಿಗೆ ಹತ್ತುತ್ತೆ. ಎಡಕ್ಕೆ ಬಲಕ್ಕೆ ಬರೀ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡು. ಮೇಲೆ ಮುಳ್ಳಪ್ಪಸ್ವಾಮಿ ಗದ್ದುಗೆ. ಕಾರು ಹೋಗೋ ರಸ್ತೆ ಆಗೋಕೆ ಮುಂಚೆ ಹರಕೆ ಹೊತ್ತೋರು ನಡೆದೇ ಹತ್ತಬೇಕಿತ್ತು. ಅಲ್ಲಿಂದ ಬೆಟ್ಟದ ಬೆನ್ನ ಮೇಲೇ ಸೀತಾಳಯ್ಯನಗಿರಿಗೆ, ಇನ್ನೂ ಮುಂದಕ್ಕೆ ಬಾಬಾಬುಡನ್‌ಗಿರಿಗೆ ಹೋಗಬಹುದು. ನಾವು ಅರ್ಧ ದಿನ ನಡೆಯೋ ದಾರಿನ ಅವಳು ತಿಂಡಿ ಹೊತ್ತಿಗೆ ಮುಗಿಸಿ ಬರ್ತಾಳೆ. 2022ರಲ್ಲಿ ಕುರಿಂಜಿ ಹೂ ಬಿಟ್ಟಾಗ ಅಲ್ಲೆಲ್ಲ ಗುಡ್ಡವೇ ನೀಲಿಯಾಗಿತ್ತಲ್ಲ, ನೆನಪಿದೆಯಾ? ಆಗ ಮಾತ್ರ ಅವಳು ಓಡದೆ ನಡೆದು ಬಂದ್ಲು. ತುಳಿಯೋಕೆ ಮನಸ್ಸು ಬರಲಿಲ್ಲವಂತೆ. ನಾವು ಜೀಪಲ್ಲಿ ಹೋಗಿ ಫೋಟೋ ತೆಗೆಸ್ಕೊಂಡು ಬಂದ್ವಿ. ಗಾಡಿ ಸಾಲು ನೋಡಿದ್ರೆ ಹೂಗಿಂತ ಅದೇ ಜಾಸ್ತಿ ಇತ್ತು.

ನಾನೂ ಓಡ್ತಿದ್ದೆ. ಇದು ನಿಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ನನ್ನ ತವರಿಂದ ಸ್ಕೂಲಿಗೆ ಎರಡು ಗುಡ್ಡ, ನಡುವೆ ಒಂದು ಹಳ್ಳ, ಅಡಿಕೆ ಮರದ ಸಂಕ. ಬೆಲ್ ಹೊಡೆಯೋ ಶಬ್ದ ಈಚೆ ಗುಡ್ಡಕ್ಕೆ ಕೇಳ್ತಿತ್ತು. ಕೇಳಿದ ತಕ್ಷಣ ಓಡಿದ್ರೆ ಪ್ರಾರ್ಥನೆ ಮುಗಿಯೋದ್ರೊಳಗೆ ಸೇರ್ಕೊಳ್ತಿದ್ದೆ. ಸ್ಕೂಲ್ ಆಟೋಟದಲ್ಲಿ ಎರಡು ವರ್ಷ ನಾನೇ ಫಸ್ಟು. ಒಂದು ಸ್ಟೀಲ್ ಲೋಟ, ಒಂದು ಸೋಪಿನ ಡಬ್ಬಿ ಬಹುಮಾನ. ದೊಡ್ಡವಳಾದ ಮೇಲೆ ಅಮ್ಮ "ಸಾಕು ಇನ್ನು" ಅಂದ್ರು. ಬೈಯಲಿಲ್ಲ, ಹೊಡೀಲಿಲ್ಲ, ಸಾಕು ಅಂದ್ರು ಅಷ್ಟೇ. ನಾನೂ ಸಾಕು ಅಂದ್ಕೊಂಡೆ. 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪದಕ ಕಳ್ಕೊಂಡಾಗ ರೇಡಿಯೋ ಮುಂದೆ ಕೂತು ಅತ್ತಿದ್ದೆ. ಎಲ್ಲರೂ ಉಷಾಗೆ ಅತ್ತಳು ಅಂದ್ಕೊಂಡ್ರು. ಸೊಸೆ ಈಗ ಹೇಳ್ತಾಳೆ, ಒಲಿಂಪಿಕ್ಸಲ್ಲಿ ಹೆಂಗಸರಿಗೆ ಮ್ಯಾರಥಾನ್ ಶುರು ಮಾಡಿದ್ದೇ ಆ 1984ರಲ್ಲಂತೆ. ಅಷ್ಟು ದೂರ ಹೆಂಗಸರಿಗೆ ಆಗಲ್ಲ ಅಂತ ಅಲ್ಲೀವರೆಗೆ ಬಿಟ್ಟಿರಲಿಲ್ಲವಂತೆ. ನಮ್ಮತ್ತೆಯವರನ್ನ ಕೇಳಿದ್ರೆ ಆಗ್ತದೋ ಇಲ್ವೋ ಹೇಳ್ತಿದ್ರು.

ಎರಡನೇದು ತೋಟದ ದಾರಿಗಳು. ಇವೇ ಜಾಸ್ತಿ ಓಡೋದು ಅವಳು, ಯಾಕಂದ್ರೆ ನೆರಳು. ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಒದ್ದೆ ಎಲೆ ಮೇಲೆ ಕಾಲಿಟ್ಟರೆ ಶಬ್ದವೇ ಬರಲ್ಲ. ಕಾಫಿ ಇಲ್ಲಿಗೆ ಬಂದ ಕತೆ ನಿಮಗೆಲ್ಲ ಗೊತ್ತು. 17ನೇ ಶತಮಾನದಲ್ಲಿ ಬಾಬಾ ಬುಡನ್ ಮೆಕ್ಕಾಯಾತ್ರೆ ಮುಗಿಸಿ ಬರೋವಾಗ ಯೆಮನ್ನಿನಿಂದ ಏಳು ಕಾಫಿ ಬೀಜ ಬಚ್ಚಿಟ್ಕೊಂಡು ಬಂದು ಗಿರಿ ಮೇಲೆ ಹಾಕಿದ್ರು ಅಂತ ಹೇಳ್ತಾರೆ. ಆಮೇಲೆ ಸುಮಾರು ಕಾಲ ಅದು ಹಿತ್ತಲ ಗಿಡ ಇದ್ದಂಗೇ ಇತ್ತು. 1830ರ ಆಸುಪಾಸಲ್ಲಿ ಕ್ಯಾನನ್ ಅನ್ನೋ ಇಂಗ್ಲಿಷರವರು ಬಾಬಾಬುಡನ್‌ಗಿರಿಯ ದಕ್ಷಿಣದ ಸಾಲಲ್ಲಿ ತೋಟ ಹಾಕಿದ್ರು. ಅಲ್ಲಿಂದ ಒಬ್ಬರ ಹಿಂದೆ ಒಬ್ಬರು ಬಂದ್ರು. ನಮ್ಮೂರ ಕಡೆ ಕಾಫಿಗೆ "ಚಿಕ್" ಅಂತಲೇ ಹೆಸರಾಯ್ತು, ಚಿಕ್ಕಮಗಳೂರಿನ ಚಿಕ್ಕ. ಆಮೇಲೆ ಕಾಂಡಕೊರಕ ಹುಳ ಬಂದು ಆ ತಳಿಯೇ ಕೆಟ್ಟುಹೋಗಿ ಬೇರೆ ತಳಿ ತಂದು ಹಾಕಬೇಕಾಯ್ತು.

ತೋಟ ಆದ ಮೇಲೆ ದಾರಿ ಬೇಕಲ್ಲ. ಇಷ್ಟು ಎಕರೆಗೆ ಇಷ್ಟು ಅಂತ ಒಳದಾರಿ, ಲೈನ್ ಮನೆಯಿಂದ ತೋಟಕ್ಕೆ, ತೋಟದಿಂದ ಪಲ್ಪರ್ ಮನೆಗೆ, ಅಲ್ಲಿಂದ ಕಣಕ್ಕೆ. ಗಾಡಿಯಲ್ಲಿ ಕಾಫಿ ಮೂಟೆ ಘಟ್ಟ ಇಳಿದು ಮಂಗಳೂರಿಗೆ ಹೋಗ್ತಿತ್ತು. ಘಟ್ಟದ ಕೆಳಗಿಂದ ಜನ ಹತ್ತಿ ಬರ್ತಿದ್ರು. ಮೇಸ್ತ್ರಿ ಹೋಗಿ ಮುಂಗಡ ಕೊಟ್ಟು ಕರ್ಕೊಂಡು ಬರೋದು. ಕುಯ್ಲು ಮುಗಿದು ಮಳೆ ಹಿಡಿಯೋಕೆ ಮುಂಚೆ ಅವರು ವಾಪಸ್ ಇಳೀತಿದ್ರು. ಮುಂಗಡ ತೀರದೆ ಇದ್ದೋರು ಮುಂದಿನ ವರ್ಷ ಮತ್ತೆ ಬರಲೇಬೇಕು. ಘಟ್ಟ ಹತ್ತಿ ಬಂದ ಆ ಗುಂಪಲ್ಲಿ ಹೆಂಗಸರು ಮಗು ಸೊಂಟದ ಮೇಲೆ, ಪಾತ್ರೆ ತಲೆ ಮೇಲೆ. ನಮ್ಮತ್ತೆ ಹೇಳ್ತಾರೆ, ಅವರು ಮದುವೆ ಆಗಿ ಬಂದ ಕಾಲಕ್ಕೂ ತೋಟದಲ್ಲಿ ತುಳು ಮಾತಾಡೋ ಹೆಂಗಸರೇ ಇದ್ದದ್ದು ಅಂತ. ಹಣ್ಣು ತುಂಬಿದ ಚೀಲ ತಲೆ ಮೇಲೆ ಇಟ್ಕೊಂಡು ಇಳಿಜಾರಲ್ಲಿ ಸಂಜೆ ತೂಕಕ್ಕೆ ಸಾಲಾಗಿ ಬರೋರು. ತಡವಾದ್ರೆ ರೈಟ್ರು ಮೊದಲು ಬಂದೋರದ್ದು ತೂಗಿ ಎದ್ದುಬಿಡ್ತಿದ್ರಂತೆ, ಅದಕ್ಕೆ ಚೀಲ ಹೊತ್ಕೊಂಡೇ ಓಡೋರಂತೆ. ಸೊಸೆ ಅದನ್ನ ಕೇಳಿ, "ಅಜ್ಜಿ, ಇಳಿಜಾರಲ್ಲಿ ಓಡೋದೇ ಕಷ್ಟ, ಮಂಡಿಗೆ ಪೆಟ್ಟು ಬೀಳೋದೇ ಅಲ್ಲಿ" ಅಂದ್ಲು. ಅಜ್ಜಿ, "ಅದಕ್ಕೇ ಅಲ್ವಾ ಎಲ್ಲರಿಗೂ ಮಂಡಿ ನೋವು" ಅಂದ್ರು.

ಈಗ ಆ ಲೈನ್ ಮನೆಗಳಲ್ಲಿ ಅಸ್ಸಾಮಿನೋರು, ಜಾರ್ಖಂಡಿನೋರು. ಹೋದ ವರ್ಷ ಜನವರಿಯಲ್ಲಿ ಒಂದು ತೋಟದ ದಾರಿಯಲ್ಲಿ ಸೊಸೆ ಬೇರಿಗೆ ಕಾಲು ತಗುಲಿ ಬಿದ್ಲು. ಕಾಲು ಉಳುಕಿ ಊದಿಕೊಂಡು, ಫೋನಿಗೆ ನೆಟ್‌ವರ್ಕೂ ಇಲ್ಲ. ಹಣ್ಣು ಕುಯ್ತಿದ್ದ ನಾಲ್ಕು ಹೆಂಗಸರು ಓಡಿ ಬಂದವ್ರೆ. ಒಬ್ಬಳು ತನ್ನ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಬಿಗಿಯಾಗಿ ಕಟ್ಟಿದ್ಲಂತೆ. ಇಬ್ಬರು ಕೈ ಹೆಣೆದು ಕುರ್ಚಿ ಮಾಡಿ ಕೂರಿಸ್ಕೊಂಡು ರಸ್ತೆವರೆಗೆ ಹೊತ್ತು ತಂದವ್ರೆ. ಅವರಿಗೆ ಕನ್ನಡ ಬರಲ್ಲ, ಇವಳಿಗೆ ಅವರ ಮಾತು ಬರಲ್ಲ. ಅವತ್ತು ಅವರ ಅರ್ಧ ದಿನದ ಕುಯ್ಲು ಹೋಯ್ತು. ಮಾರನೇ ದಿನ ನಾನೂ ಮಗನೂ ಹೋಗಿ ಕೂಲಿ ತುಂಬಿಕೊಡ್ತೀವಿ ಅಂದ್ರೆ ಒಬ್ಬಳೂ ತಗೊಳ್ಳಲಿಲ್ಲ. ಅಕ್ಕಿ ರೊಟ್ಟಿ, ಕಾಯಿ ಚಟ್ನಿ ಕೊಟ್ಟೆ, ಅದನ್ನ ತಗೊಂಡ್ರು. ನನ್ನ ಸೊಸೆ ಯಾಕೆ ಓಡ್ತಿದ್ಲು ಅಂತ ಅವರೂ ಕೈ ಸನ್ನೆ ಮಾಡಿ ಕೇಳಿದ್ರು. ನಾನು ಅವರಿಗೆ ಥೈರಾಯ್ಡು ಅಂತ ಹೇಳಕ್ಕೆ ಹೋಗಲಿಲ್ಲ. ಸುಮ್ಮನೆ ನಕ್ಕೆ, ಅವರೂ ನಕ್ಕರು.

ಕೆಮ್ಮಣ್ಣುಗುಂಡಿ ಕಡೆಯ ದಾರಿ ಅವಳು ವರ್ಷಕ್ಕೆ ಒಂದೋ ಎರಡೋ ಸಲ, ಗೆಳತಿಯರ ಜೊತೆ. ನಾವು ಅಲ್ಲಿಗೆ ಹೋಗೋದು ಹೂ ತೋಟ, ಗುಲಾಬಿ ನೋಡಕ್ಕೆ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ತಂಗ್ತಿದ್ದ ಜಾಗ. ಆದ್ರೆ ಹೆಸರಲ್ಲೇ ಇದೆ ನೋಡಿ, ಕೆಂಪು ಮಣ್ಣಿನ ಗುಂಡಿ. ಅದು ಅದಿರಿನ ಗಣಿ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1918ರಲ್ಲಿ, ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಕ್ಕೆ ಶುರು ಮಾಡಿ 1923ಕ್ಕೆ ಕಬ್ಬಿಣ ತೆಗೆದ್ರಲ್ಲ, ಅದಕ್ಕೆ ಅದಿರು ಹೋಗಿದ್ದು ಇಲ್ಲಿಂದ. ಬೆಟ್ಟದ ಮೇಲಿಂದ ರೋಪ್‌ವೇ ತೊಟ್ಟಿಲಲ್ಲಿ ತಣಿಗೆಬೈಲಿಗೆ ಇಳಿಸಿ, ಅಲ್ಲಿಂದ ಸಣ್ಣ ಟ್ರಾಮ್ ರೈಲಲ್ಲಿ ಭದ್ರಾವತಿಗೆ. ನನಗೆ ಆಶ್ಚರ್ಯ ಆಗಿದ್ದು ಅದಲ್ಲ. ಆ ಕುಲುಮೆಗೆ ಮೊದಲು ಹಾಕ್ತಿದ್ದದ್ದು ಕಲ್ಲಿದ್ದಲಲ್ಲ, ಸೌದೆ ಇದ್ದಿಲು. ಮಲೆನಾಡ ಕಾಡು ಕಡಿದು ಸುಟ್ಟ ಇದ್ದಿಲು. ನಮ್ಮ ಒಲೆಗೆ ಒಂದು ಹೊರೆ ಸೌದೆ ತರಕ್ಕೆ ಹೋದ ಹೆಂಗಸರನ್ನ ಗಾರ್ಡು ಅಡ್ಡ ಹಾಕಿ ಕತ್ತಿ ಕಿತ್ಕೊಂಡಿದ್ದು ನಾನೇ ಕಣ್ಣಾರೆ ಕಂಡಿದ್ದೀನಿ. ಆ ಕುಲುಮೆಗೆ ಎಷ್ಟು ಕಾಡು ಹೋಯ್ತೋ. ಇರಲಿ. ಈಗ ಅಲ್ಲಿ ಜೆಡ್ ಪಾಯಿಂಟ್ ಅಂತ ಫೋಟೋ ತೆಗೀತಾರೆ, ಹೆಬ್ಬೆ ಜಲಪಾತಕ್ಕೆ ಜೀಪಲ್ಲಿ ಹೋಗ್ತಾರೆ. ಬಾಬಾಬುಡನ್‌ಗಿರಿಯಿಂದ ಮಾಣಿಕ್ಯಧಾರೆ, ಗಾಳಿಕೆರೆ ದಾಟಿ ಬೆಟ್ಟದ ಬೆನ್ನ ಮೇಲೇ ಕೆಮ್ಮಣ್ಣುಗುಂಡಿ ಸೇರೋ ದಾರಿ ಒಂದಿದೆ. ನಡೆಯೋರಿಗೆ ಇಡೀ ದಿನ. ಆಚೆ ಭದ್ರಾ ಅಭಯಾರಣ್ಯದ ಕಾಡು, ಆನೆ, ಕಾಟಿ, ಹುಲಿ ಎಲ್ಲ ಇರೋ ಜಾಗ. ಅರಣ್ಯ ಇಲಾಖೆಯೋರ ಅನುಮತಿ ಇಲ್ಲದೆ ಕಾಲಿಡಬೇಡ ಅಂತ ನಾನು ಆಣೆ ಹಾಕಿಸ್ಕೊಂಡಿದ್ದೀನಿ.

ಮಳೆಗಾಲದ ಮಾತು ಬೇರೆ. ಇಂಬಳಕ್ಕೆ ಇವಳು ಪೇಟೆಯಿಂದ ಎಂಥದೋ ಸ್ಪ್ರೇ, ಮಂಡಿವರೆಗೆ ಕಾಲುಚೀಲ ತಂದಿದ್ಲು. ಅತ್ತೆ ನೋಡಿ ಹೊಗೆಸೊಪ್ಪು ಸುಣ್ಣ ತಿಕ್ಕಿ ಕೊಟ್ರು. ಎರಡರಲ್ಲಿ ಯಾವುದು ಕೆಲಸ ಮಾಡ್ತೋ, ಸೊಸೆ ಈಗ ಎರಡೂ ಹಾಕ್ತಾಳೆ. ಓಡೋವಾಗ ತಿನ್ನಕ್ಕೆ ಜೆಲ್ ಅಂತ ಸಣ್ಣ ಪ್ಯಾಕೆಟ್ ಬರುತ್ತೆ, ಒಂದಕ್ಕೆ ಕೊಡೋ ದುಡ್ಡಿಗೆ ಎರಡು ಅಚ್ಚು ಬೆಲ್ಲ ಬರ್ತದೆ. ನಾನು ಬೆಲ್ಲ, ಹುರಿದ ಕಡ್ಲೆಕಾಯಿ ಬೀಜ, ಒಂದು ಚಿಟಿಕೆ ಉಪ್ಪು ಕುಟ್ಟಿ ಉಂಡೆ ಮಾಡಿ ಕೊಡ್ತೀನಿ. ಅವಳ ಗೆಳತಿಯರೆಲ್ಲ ಅದನ್ನೇ ಕೇಳ್ತಾರಂತೆ.

ಇನ್ನು ಹೇಳೋದು ಬರೀಬೇಕೋ ಬೇಡವೋ ಅಂತ ಒಂದು ತಿಂಗಳು ಯೋಚನೆ ಮಾಡಿದ್ದೀನಿ. ಅತ್ತೆನ ಕೇಳಿದೆ. "ಬರಿ, ನಾನೇನು ಕದ್ದಿದ್ದೀನಾ" ಅಂದ್ರು.

ಅತ್ತೆ ತವರು ಜಾಗರದ ಒಳಗೆ. ಈಗ ಬಸ್ಸು ಸುತ್ಕೊಂಡು ಹೋಗುತ್ತೆ. ಅವರ ಕಾಲಕ್ಕೆ ಗಿರಿ ಹತ್ತಿ ಆ ಕಡೆ ಇಳಿಯೋದೇ ದಾರಿ. ಒಂದು ಮಳೆಗಾಲದ ಸಂಜೆ ಸೊಸೆ ಓಡಿ ಬಂದು ಬೂಟು ತೊಳೆದು ಬಚ್ಚಲ ಒಲೆ ಪಕ್ಕ ಒಣಗಕ್ಕಿಟ್ಟಿದ್ಲು. ಅತ್ತೆ ಅಲ್ಲೇ ಬೆಂಕಿ ಕಾಯಿಸ್ತಾ ಕೂತೋರು ಒಂದು ಬೂಟು ಕೈಗೆತ್ತಿಕೊಂಡು ಅಡಿ ತಿರುಗಿಸಿ, ಆ ಹಲ್ಲುಹಲ್ಲು ರಬ್ಬರನ್ನ ಹೆಬ್ಬೆರಳಲ್ಲಿ ಒತ್ತಿ ನೋಡಿದ್ರು.

"ಇದು ಜಾರಲ್ವಾ ಕೂಸೇ?"

"ಇಲ್ಲ ಅಜ್ಜಿ, ಒದ್ದೆ ಬಂಡೆ ಮೇಲೂ ಹಿಡೀತದೆ."

"ಆವತ್ತು ನಾನು ಮೂರು ಸಲ ಜಾರಿದ್ದೆ" ಅಂದ್ರು.

ಯಾವತ್ತು ಅಂತ ನಾವಿಬ್ಬರೂ ಕೇಳಿದ್ವಿ. ನನ್ನ ಮದುವೆ ಆಗಿ ಮೂವತ್ತು ವರ್ಷ ದಾಟ್ತು, ಅಲ್ಲಿವರೆಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಅತ್ತೆಗೆ ನಮ್ಮ ಮನೆಯವರಿಗಿಂತ ಮೊದಲು ಒಂದು ಹೆಣ್ಣು ಮಗು ಆಗಿತ್ತು, ಉಳೀಲಿಲ್ಲ ಅಂತ. ಅವತ್ತು ಬಚ್ಚಲ ಒಲೆ ಮುಂದೆ ಉಳಿದದ್ದು ಹೇಳಿದ್ರು. ಆಷಾಢಕ್ಕೆ ತವರಿಗೆ ಹೋಗಿದ್ರಂತೆ, ಮಗುಗೆ ಹತ್ತು ತಿಂಗಳು. ಅಲ್ಲಿ ವಾಂತಿ ಭೇದಿ ಹತ್ಕೊಂಡಿತು. ಎರಡು ದಿನ ಕಷಾಯ, ಓಮದ ನೀರು ಎಲ್ಲ ಆಯ್ತು. ಮೂರನೇ ದಿನ ಬೆಳಕು ಹರಿಯೋಕೆ ಮುಂಚೆ ಅವರೂ ಅವರ ಅಪ್ಪನೂ ಮಗು ಎತ್ಕೊಂಡು ಹೊರಟ್ರು, ಪೇಟೆ ಆಸ್ಪತ್ರೆಗೆ. ಅಪ್ಪ ಮುಂದೆ ಕತ್ತಿ ಹಿಡಿದು, ಇವರು ಹಿಂದೆ, ಮಗು ಎದೆಗೆ ಕಟ್ಟಿ ಮೇಲೆ ಕಂಬಳಿ ಕೊಪ್ಪೆ. ಗಾಳಿ ಮಳೆಗೆ ಕೊಪ್ಪೆ ನಿಲ್ತಿರಲಿಲ್ಲ. ಬರಿಗಾಲು. "ಬೇಗ ಬೇಗ ನಡಿ ಅಂತ ಅಪ್ಪಯ್ಯ ಹೇಳ್ತಾನೇ ಇದ್ರು. ನನಗೆ ಓಡಬೇಕು ಅನ್ನಿಸ್ತಿತ್ತು. ಓಡಿದ್ರೆ ಜಾರ್ತಿದ್ದೆ. ಬಿದ್ರೆ ಮಗು ಕೆಳಗೆ" ಅಂದ್ರು. ಗಿರಿ ನೆತ್ತಿ ದಾಟೋ ಜಾಗದಲ್ಲಿ, ಮಂಜು ಹೆಂಗೆ ಮುಚ್ಚಿತ್ತು ಅಂದ್ರೆ ಅಪ್ಪನ ಬೆನ್ನೇ ಕಾಣ್ತಿರಲಿಲ್ಲವಂತೆ. ಅಲ್ಲಿ ಮಗು ಕೈ ಸಡಿಲ ಆಯ್ತು. ಅವರಿಗೆ ಗೊತ್ತಾಯ್ತು. ಅಪ್ಪನಿಗೆ ಹೇಳಲಿಲ್ಲ. ಹೇಳಿದ್ರೆ ಅಲ್ಲೇ ಎಲ್ಲಾದ್ರೂ ಮಣ್ಣು ಮಾಡಿ ವಾಪಸ್ ಹೋಗೋಣ ಅಂತಾರೆ ಅಂತ. ಹಂಗೇ ಎದೆಗೆ ಕಟ್ಕೊಂಡು ಇಳಿದವ್ರೆ. ಊರು ಕಾಣೋ ಜಾಗಕ್ಕೆ ಬಂದ ಮೇಲೆ ಹೇಳಿದ್ದು.

ಬೂಟು ಇನ್ನೂ ಕೈಯಲ್ಲೇ ಇತ್ತು. "ಇಂಥದೊಂದು ಇದ್ದಿದ್ರೆ ಓಡ್ತಿದ್ದೆ ಕಣೇ" ಅಂದು ಒಲೆ ಪಕ್ಕ ಜೋಡಿಸಿಟ್ರು. ಆಮೇಲೆ ಸೊಸೆಗೆ, "ಹಿತ್ತಲಲ್ಲಿ ಯಾಕೆ ಒಣಗಾಕ್ತೀಯಾ ಬಟ್ಟೆನ, ಅಲ್ಲಿ ಬಿಸಿಲೇ ಬೀಳಲ್ಲ. ಮುಂದುಗಡೆ ಹಾಕು" ಅಂದ್ರು. ನನ್ನ ಮುಖ ನೋಡಲಿಲ್ಲ. ನೋಡೋದು ಬೇಕಿರಲಿಲ್ಲ.

ಮುಂದಿನ ವಾರ ಸೊಸೆ ಆ ದಾರಿ ಹುಡುಕಕ್ಕೆ ಹೋದ್ಲು. ಈಚೆ ಮಗ್ಗುಲಲ್ಲಿ ಅರ್ಧ ಈಗ ತೋಟ, ಬೇಲಿ, ಗೇಟು. ತೋಟದೋರ ಹತ್ರ ಕೇಳ್ಕೊಂಡು, ಬಿಡೋ ಜಾಗದ ತನಕ ಹೋಗಿ ವಾಪಸ್ ಬಂದ್ಲು. ಫೋನಲ್ಲಿ ಅವಳು ಓಡಿದ ದಾರಿ ಗೆರೆ ಥರ ಬರುತ್ತಲ್ಲ, ಅದನ್ನ ಅಜ್ಜಿಗೆ ತೋರಿಸಿದ್ಲು. ಅತ್ತೆ ಕನ್ನಡಕ ಹಾಕ್ಕೊಂಡು ಬಹಳ ಹೊತ್ತು ನೋಡಿ, "ಇಲ್ಲಿ ತಿರುಗ್ತದಲ್ಲ, ಇಲ್ಲೊಂದು ಅತ್ತಿಮರ ಇತ್ತು. ಕೂತು ಎಲೆ ಅಡಿಕೆ ಹಾಕ್ತಿದ್ವಿ" ಅಂದ್ರು. ಮರ ಇನ್ನೂ ಇದೆಯಂತೆ. ಅರ್ಧ ಒಣಗಿದೆ.

ದೇವೀರಮ್ಮನ ಬೆಟ್ಟ ಒಂದು ಉಳೀತು. ಅದನ್ನ ಓಡೋ ದಾರಿ ಅನ್ನಬಾರದು, ಆದ್ರೂ ಸೊಸೆ ಪಟ್ಟಿಯಲ್ಲಿ ಅದೇ ಮೊದಲನೇದು. ವರ್ಷಕ್ಕೊಂದು ಸಲ, ದೀಪಾವಳಿ ನರಕ ಚತುರ್ದಶಿಗೆ, ಸಾವಿರಾರು ಜನ ಹತ್ತೋದು ನಿಮಗೆ ಗೊತ್ತೇ ಇದೆ. ಕೆಲವರು ಮಾಣಿಕ್ಯಧಾರೆ ಕಡೆಯಿಂದ ಬರ್ತಾರೆ, ನಾವು ಮಲ್ಲೇನಹಳ್ಳಿ ಕಡೆಯಿಂದ. ದೂರದಿಂದ ನೋಡಿದ್ರೆ ಗೋಪುರದ ಥರ ಚೂಪಾಗಿರೋ ಬೆಟ್ಟ. ಕೊನೆಯ ಏರು ಅಂತೂ ಮುಂದಿನೋರ ಹಿಮ್ಮಡಿ ನಮ್ಮ ಮೂಗಿಗೆ ತಾಗೋ ಥರ. ನಾನು ಇಷ್ಟು ಪುಸ್ತಕ ತಿರುವಿ ಹಾಕಿದ ಮೇಲೆ ನನಗೆ ಅನ್ನಿಸಿದ್ದು ಇದು. ಈ ಗಿರಿಯಲ್ಲಿ ಹೆಂಗಸರು ಯಾರದೋ ತೋಟಕ್ಕೆ, ಯಾರದೋ ಒಲೆಗೆ, ತೂಕಕ್ಕೆ, ಆಸ್ಪತ್ರೆಗೆ ಹತ್ತಿ ಇಳಿದವ್ರೆ. ತಮಗೆ ಬೇಕು ಅಂತ, ರಾತ್ರಿ ಹೊತ್ತು, ಗುಂಪು ಕಟ್ಕೊಂಡು, ಯಾರನ್ನೂ ಕೇಳದೆ ಹತ್ತಿದ್ದು ಈ ಒಂದೇ ಬೆಟ್ಟ. ದೇವರ ಹೆಸರು ಇದ್ದಿದ್ದಕ್ಕೆ ಯಾರೂ ಬೇಡ ಅನ್ನಲಿಲ್ಲ. ಅಲ್ವಾ, ನೀವೇ ಯೋಚನೆ ಮಾಡಿ.

ನಾನು ಹತ್ತಿ ಹನ್ನೊಂದು ವರ್ಷ ಆಗಿತ್ತು. ಮಂಡಿ ನೋವು ಅಂತ ಒಂದು ವರ್ಷ ಬಿಟ್ಟೆ, ಆಮೇಲೆ ಅದೇ ಅಭ್ಯಾಸ ಆಯ್ತು. ಹೋದ ದೀಪಾವಳಿಗೆ ಸೊಸೆ ಬಿಡಲಿಲ್ಲ. ಎರಡು ತಿಂಗಳು ಮುಂಚ್ಲಿಂದ ಸಂಜೆ ಸಂಜೆ ನನ್ನನ್ನ ತೋಟದ ದಾರಿಯಲ್ಲಿ ನಡೆಸಿದ್ಲು, ಏರಲ್ಲಿ ಸಣ್ಣ ಹೆಜ್ಜೆ, ಇಳಿಜಾರಲ್ಲಿ ಮಂಡಿ ಸ್ವಲ್ಪ ಬಗ್ಗಿಸಿ ಅಂತ ಹೇಳ್ಕೊಟ್ಲು. ಆಗ ನಮ್ಮಿಬ್ಬರನ್ನ ದಾರಿಯಲ್ಲಿ ನೋಡಿ "ನಿಮಗೂ ಥೈರಾಯ್ಡಾ ಅಕ್ಕ" ಅಂತ ಕೇಳಿದೋರು ಯಾರು ಅಂತಲೂ ಬರೆಯಲ್ಲ.

ರಾತ್ರಿ ಎರಡು ಗಂಟೆಗೆ ಮನೆ ಬಿಟ್ವಿ. ಹರಕೆಗೆ ಅಂತ ಅತ್ತೆ ಒಂದು ಸಣ್ಣ ಕಟ್ಟು ಸೌದೆ, ಬಾಳೆಲೆಯಲ್ಲಿ ಬೆಣ್ಣೆ, ಟ್ರಂಕಿನ ತಳದಿಂದ ತೆಗೆದ ಒಂದು ಹಳೇ ಬಟ್ಟೆ ತುಂಡು ಕೊಟ್ಟಿದ್ರು. ಎಂಥ ಬಟ್ಟೆ ಅಂತ ನಾವು ಕೇಳಲಿಲ್ಲ. ಸೊಸೆ ಬೂಟು ಬಿಚ್ಚಿ ಚೀಲಕ್ಕೆ ಹಾಕ್ಕೊಂಡು ನನ್ನ ಥರಾನೇ ಬರಿಗಾಲಲ್ಲಿ ಹತ್ತಿದ್ಲು. ಕೆಳಗಿಂದ ಮೇಲಿನ ತನಕ ಟಾರ್ಚು ಬೆಳಕಿನ ಸಾಲು. ಚಳಿ, ಗಾಳಿ, ಕೆಸರು, ಹಿಂದಿನೋರು ಮುಂದಿನೋರಿಗೆ ಕೈ ಕೊಡೋದು. ಕೊನೆಯ ಏರಲ್ಲಿ ನಾನು ಕೂತೇಬಿಟ್ಟೆ. ಸೊಸೆ ಉಂಡೆ ಕೊಟ್ಟು, "ಅತ್ತೆ, ಫಸ್ಟ್ ಪ್ರೈಜು ತಗೊಂಡೋರು ಹಿಂಗೆ ಕೂರಬಾರದು" ಅಂದ್ಲು. ಬೆಳಕು ಹರಿಯೋ ಹೊತ್ತಿಗೆ ಮೇಲಿದ್ವಿ. ಸೌದೆ, ಬೆಣ್ಣೆ, ಬಟ್ಟೆ ಒಪ್ಪಿಸಿದ್ವಿ.

ಇಳಿದು ಮನೆ ಸೇರೋವಾಗ ಮಧ್ಯಾಹ್ನ. ನಾನು ಕಾಲಿಗೆ ಬಿಸಿನೀರು ಹಾಕ್ಕೊಂಡು ಮಲಗಿದೋಳು ಎದ್ದಿದ್ದು ಸಂಜೆಗೇ. ಅತ್ತೆ ಅಂಗಳದಲ್ಲಿ ಕುರ್ಚಿ ಹಾಕ್ಕೊಂಡು ಬೆಟ್ಟದ ಕಡೆ ಮುಖ ಮಾಡಿ ಕೂತಿದ್ರು. ಕತ್ತಲಾದ ಮೇಲೆ ಮೇಲೆ ಬೆಂಕಿ ಕಾಣಿಸ್ತು. ಸೊಸೆ ಹಣತೆ ಹಚ್ಚಕ್ಕೆ ಶುರು ಮಾಡಿದ್ಲು. ಮುಂದಿನ ಹಗ್ಗದ ಮೇಲೆ ಅವಳ ಬಟ್ಟೆ ಹಾಗೇ ಇತ್ತು, ತೆಗೆಯೋದು ಮರೆತಿದ್ವಿ.

"ಎಷ್ಟೊತ್ತು ತಗೊಂಡ್ರಿ ಹತ್ತಕ್ಕೆ?" ಅಂದ್ರು ಅತ್ತೆ.

"ನಾಲ್ಕು ಗಂಟೆ ಆಯ್ತು ಅತ್ತೆ, ಜನ ಜಾಸ್ತಿ."

"ನಿಧಾನ" ಅಂದ್ರು. ಆಮೇಲೆ, "ಜಾರಲಿಲ್ಲ ತಾನೆ?"

ಇಲ್ಲ ಅಂದೆ. ಬೆಂಕಿ ಸಣ್ಣಗಾಗೋ ತನಕ ಅಲ್ಲೇ ಕೂತಿದ್ರು.